ಹೀಟರ್ ಬೇಡದ ಪ್ರಾಣಿ ಯಾವುದು? ಕೊಡಗಿನ ಮನೆಗಳಿಗಾಗಿ ಒಂದು ವಿಮರ್ಶೆ

ಮೈಸೂರು, ಬೆಂಗಳೂರುಗಳ ಅಕ್ವೇರಿಯಂ ಅಂಗಡಿಗಳಲ್ಲಿ ಈಗ ಮೀನಿನ ಜೊತೆಗೆ ಆಕ್ಸಲಾಟಲ್ (ನೀರಿನಲ್ಲೇ ಬಾಳುವ ಸಲಮಾಂಡರ್, ಅಂದರೆ ಬಾಲವಿರುವ ಉಭಯಚರ), ವಿದೇಶಿ ಕಪ್ಪೆ, ಗೆಕ್ಕೊ ಹಲ್ಲಿ, ಸಣ್ಣ ಆಮೆಗಳೂ ಸಿಗುತ್ತವೆ. ಕೊಳ್ಳಲು ಬಂದವರು ಕೊಡಗಿನವರೆಂದು ತಿಳಿದೊಡನೆ ಅಂಗಡಿಯವರಿಂದ ಬರುವ ಭರವಸೆ ಸಾಮಾನ್ಯವಾಗಿ ಹೀಗಿರುತ್ತದೆ: “ನಿಮ್ಮ ಕಡೆ ತಂಪು ಸಾರ್, ಹೀಟರ್ ಏನೂ ಬೇಡ, ಹಾಗೇ ಇಟ್ಕೊಳ್ಳಿ.” ಮಡಿಕೇರಿಯ ಮನೆಯಲ್ಲಿ ಆಕ್ಸಲಾಟಲ್ ಸಾಕುತ್ತಿರುವವನಾಗಿ, ವಿರಾಜಪೇಟೆ ಮತ್ತು ಕುಶಾಲನಗರದ ಬಂಧುಗಳ ಮನೆಗಳಲ್ಲಿ ಇಂಥ ಪ್ರಾಣಿಗಳನ್ನು ಹತ್ತಿರದಿಂದ ನೋಡಿದವನಾಗಿ, ಈ ಭರವಸೆಯನ್ನು ಒಂದೊಂದು ಪ್ರಾಣಿಗೂ ಹಚ್ಚಿ ನೋಡಬೇಕೆನಿಸಿತು. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಹೀಟರ್ ಬೇಡದ ಪ್ರಾಣಿಗೆ ತಂಪು ಬೇಕೇ ಬೇಕು. ಆ ತಂಪು ಕೊಡಗಿನ ಎಲ್ಲ ಊರುಗಳಲ್ಲಿ, ಎಲ್ಲ ತಿಂಗಳುಗಳಲ್ಲಿ ಇರುವುದಿಲ್ಲ. ಆದ್ದರಿಂದ ಪ್ರಾಣಿಯನ್ನು ಆರಿಸುವವರು ಡಿಸೆಂಬರಿನ ಚಳಿಗಿಂತ ಮೊದಲು ತಮ್ಮ ಮನೆಯ ಏಪ್ರಿಲ್ ಮಧ್ಯಾಹ್ನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಪ್ಪೆ, ಹಲ್ಲಿ, ಸಲಮಾಂಡರ್‌ಗಳ ಮೈ ತನ್ನ ಶಾಖವನ್ನು ತಾನೇ ಕಾಯ್ದುಕೊಳ್ಳುವುದಿಲ್ಲ. ಸುತ್ತಲಿನ ಉಷ್ಣತೆ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಅವುಗಳ ಜೀರ್ಣಶಕ್ತಿ, ಚಟುವಟಿಕೆ, ರೋಗ ತಡೆಯುವ ಶಕ್ತಿ ಎಲ್ಲವೂ ಏರಿಳಿಯುತ್ತವೆ. ಇಗ್ವಾನಾ, ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿಗಳು, ಬಾಲ್ ಪೈಥಾನ್ ಎಂಬ ಹಾವಿನಂಥವು ಬಿಸಿ ದೇಶದವು. ಶಾಖ ಸಿಗದಿದ್ದರೆ ತಿಂದ ಆಹಾರ ಅವುಗಳ ಹೊಟ್ಟೆಯಲ್ಲೇ ಕೆಡುತ್ತದೆ. ಕೊಡಗಿನಲ್ಲಿ ಅವನ್ನು ದೀಪವಿಲ್ಲದೆ ಇಡುವ ಪ್ರಶ್ನೆಯೇ ಬರುವುದಿಲ್ಲ. ಲೆಪರ್ಡ್ ಗೆಕ್ಕೊ ಕೂಡ, ಎಷ್ಟೇ ಗಟ್ಟಿ ಪ್ರಾಣಿ ಎಂದು ಹೆಸರಾಗಿದ್ದರೂ, ಹೊಟ್ಟೆಯಡಿ ಬೆಚ್ಚಗಿನ ಜಾಗವಿಲ್ಲದೆ ಆಹಾರ ಅರಗಿಸಿಕೊಳ್ಳಲಾರದು. ಉಳಿಯುವುದು ಬೆಟ್ಟಪ್ರದೇಶ, ತಂಪು ಕೆರೆ, ಮಂಜಿನ ಕಾಡುಗಳಿಂದ ಬಂದ ಕೆಲವೇ ಜಾತಿಗಳು.

ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಹೆಂಚಿನ ಮನೆಯ ಒಳಕೋಣೆ ವರ್ಷದ ಬಹುಪಾಲು 18ರಿಂದ 24 ಡಿಗ್ರಿಯೊಳಗೆ ಇರುತ್ತದೆ. ಅದರಿಂದ ಮುನ್ನೂರು ಮೀಟರಿನಷ್ಟು ಕೆಳಗಿರುವ ಕುಶಾಲನಗರದ ಬೇಸಿಗೆ ಮೈಸೂರಿನ ಬೇಸಿಗೆಗೆ ಹತ್ತಿರ; ಅಲ್ಲಿನ ಕಾಂಕ್ರೀಟ್ ತಾರಸಿಯ ಮನೆಯೊಳಗೆ ಮಾರ್ಚ್, ಏಪ್ರಿಲ್‌ನಲ್ಲಿ 30 ಡಿಗ್ರಿ ದಾಟುವುದು ಸಾಮಾನ್ಯ. ಗೋಣಿಕೊಪ್ಪ, ವಿರಾಜಪೇಟೆಗಳು ಇವೆರಡರ ನಡುವೆ ಬರುತ್ತವೆ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಸಕಾಲಕ್ಕೆ ಬಿದ್ದ ವರ್ಷ ಬೇಸಿಗೆ ಸಹ್ಯವಾಗುತ್ತದೆ, ತಡವಾದ ವರ್ಷ ಮಡಿಕೇರಿಯಲ್ಲೂ ನೀರಿನ ತೊಟ್ಟಿ 26 ಡಿಗ್ರಿಗೆ ಏರುತ್ತದೆ. ಸರಿಯಾದ ಥರ್ಮಾಮೀಟರನ್ನು ಬೇಸಿಗೆಯ ಒಂದಿಡೀ ತಿಂಗಳು ಪ್ರಾಣಿಯನ್ನು ಇಡಬೇಕೆಂದಿರುವ ಕೋಣೆಯಲ್ಲಿಟ್ಟು, ದಿನದ ಗರಿಷ್ಠ ಉಷ್ಣತೆಯನ್ನು ಬರೆದಿಟ್ಟುಕೊಳ್ಳುವುದಕ್ಕಿಂತ ಒಳ್ಳೆಯ ಖರೀದಿ ಸಲಹೆ ನನ್ನ ಬಳಿ ಇಲ್ಲ.

ಕೊಡಗಿನವರು ಅತಿ ಹೆಚ್ಚು ವಿಚಾರಿಸುವ ಪ್ರಾಣಿ ಆಕ್ಸಲಾಟಲ್. ಮೆಕ್ಸಿಕೊ ನಗರದ ದಕ್ಷಿಣಕ್ಕೆ, ಎರಡು ಸಾವಿರ ಮೀಟರಿಗೂ ಎತ್ತರದಲ್ಲಿರುವ ಸೊಚಿಮಿಲ್ಕೊ ಎಂಬ ಕೆರೆ ಕಾಲುವೆಗಳ ಪ್ರದೇಶ ಇದರ ತವರು. ಸಲಮಾಂಡರ್ ಜಾತಿಗೆ ಸೇರಿದ್ದರೂ ಇದು ನೀರು ಬಿಟ್ಟು ನೆಲಕ್ಕೆ ಬರುವುದಿಲ್ಲ. ತಲೆಯ ಎರಡೂ ಬದಿಗೆ ಗರಿಗಳಂತೆ ಹರಡಿದ ಕಿವಿರುಗಳನ್ನು ಜೀವಮಾನವಿಡೀ ಉಳಿಸಿಕೊಂಡು, ಮರಿಯ ರೂಪದಲ್ಲೇ ಪ್ರಾಯಕ್ಕೆ ಬರುತ್ತದೆ. ಕಾಲು ತುಂಡಾದರೆ ಮತ್ತೆ ಬೆಳೆಸಿಕೊಳ್ಳಬಲ್ಲ ಶಕ್ತಿಯಿಂದಾಗಿ ಜಗತ್ತಿನ ಪ್ರಯೋಗಾಲಯಗಳಲ್ಲಿ ಸಾವಿರಾರು ಆಕ್ಸಲಾಟಲ್‌ಗಳಿವೆ, ಆದರೆ ತವರಿನ ನೀರಿನಲ್ಲಿ ಅದು ಅಳಿವಿನ ಅಂಚಿಗೆ ಬಂದಿದೆ. ಮನೆಯಲ್ಲಿ ಚೆನ್ನಾಗಿ ನೋಡಿಕೊಂಡರೆ 10ರಿಂದ 15 ವರ್ಷ ಬದುಕುತ್ತದೆ, 25 ಸೆಂಟಿಮೀಟರಿನವರೆಗೆ ಬೆಳೆಯುತ್ತದೆ. ಬೆರಳುದ್ದದ ಮರಿಯನ್ನು ನೋಡಿ ಮೆಚ್ಚಿಕೊಳ್ಳುವ ಮಕ್ಕಳ ತಂದೆತಾಯಂದಿರು ಈ ಎರಡು ಅಂಕಿಗಳನ್ನು ಮನಸ್ಸಿಗೆ ತಂದುಕೊಳ್ಳಲೇಬೇಕು.

ಇದಕ್ಕೆ ಹಿತವಾದ ನೀರು 16ರಿಂದ 18 ಡಿಗ್ರಿ. 20ರವರೆಗೆ ತೊಂದರೆ ಕಾಣದು. 24 ದಾಟಿ ಕೆಲವು ದಿನ ನಿಂತರೆ ಊಟ ಬಿಡುತ್ತದೆ, ಕಿವಿರುಗಳು ಮುಂದಕ್ಕೆ ಬಾಗುತ್ತವೆ, ಹತ್ತಿಯಂಥ ಬೂಷ್ಟು ಹಿಡಿಯುತ್ತದೆ. ಮಡಿಕೇರಿಯಲ್ಲಿ ಜೂನ್‌ನಿಂದ ಫೆಬ್ರವರಿಯವರೆಗೆ ನೀರಿನ ಉಷ್ಣತೆಯ ಬಗ್ಗೆ ನಾವು ಏನನ್ನೂ ಮಾಡಬೇಕಾಗಿಲ್ಲ, ಮತ್ತು ಇದು ಬಯಲುಸೀಮೆಯ ಯಾವ ಊರಿನವರಿಗೂ ಸಿಗದ ಸೌಭಾಗ್ಯ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಮಾತ್ರ ಎಚ್ಚರವಾಗಿರಬೇಕು. ತೊಟ್ಟಿಯ ಮೇಲ್ಮೈಗೆ ಅಡ್ಡಲಾಗಿ ಬೀಸುವ ಸಣ್ಣ ಫ್ಯಾನ್ ಇಟ್ಟರೆ ನೀರು ಆವಿಯಾಗುತ್ತಾ ಎರಡು ಮೂರು ಡಿಗ್ರಿ ಇಳಿಯುತ್ತದೆ, ಆದರೆ ಗಾಳಿಯಲ್ಲಿ ತೇವ ಹೆಚ್ಚಿದ ದಿನ ಈ ಉಪಾಯ ಹೆಚ್ಚು ಫಲ ಕೊಡುವುದಿಲ್ಲ. ಫ್ರಿಜ್‌ನಲ್ಲಿ ಹೆಪ್ಪುಗಟ್ಟಿಸಿದ ನೀರಿನ ಬಾಟಲಿಗಳನ್ನು ಸರದಿಯಂತೆ ತೇಲಿಬಿಡುವುದು ಒಂದು ವಾರದ ಸೆಖೆಗೆ ಸಾಕಾಗುತ್ತದೆ. ಎರಡು ತಿಂಗಳ ಸೆಖೆಗೆ ಆ ದಾರಿ ನಡೆಯುವುದಿಲ್ಲ, ಏಕೆಂದರೆ ನೀರು ದಿನಕ್ಕೆ ಹಲವು ಸಲ ಏರಿ ಇಳಿಯುವುದೂ ಪ್ರಾಣಿಗೆ ಹಿಂಸೆಯೇ. ಕುಶಾಲನಗರದಂಥ ಕಡೆ ನೀರನ್ನು ತಂಪು ಮಾಡುವ ಚಿಲ್ಲರ್ ಯಂತ್ರ ಅನಿವಾರ್ಯ. ಅದರ ಬೆಲೆ ಪ್ರಾಣಿಯ ಬೆಲೆಯ ಹಲವು ಪಟ್ಟು, ಕರೆಂಟಿನ ಖರ್ಚು ಬೇರೆ. ಅಷ್ಟು ಮಾಡಲು ಮನಸ್ಸಿಲ್ಲದವರು, ದಯವಿಟ್ಟು, ಕುಶಾಲನಗರದಲ್ಲಿ ಆಕ್ಸಲಾಟಲ್ ಇಡಬಾರದು.

ಅಂಗಡಿಯವರು ಆಕ್ಸಲಾಟಲ್ ಜೊತೆ ಕೊಡುವ ‘ಸೆಟ್’ ಬಗ್ಗೆ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನ ಪ್ರಾಣಿಗಳು ಸಾಯುವುದು ಆ ಸೆಟ್ಟಿನಿಂದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದೂವರೆ ಅಡಿಯ ಗಾಜಿನ ತೊಟ್ಟಿ, ತಳಕ್ಕೆ ಬಣ್ಣಬಣ್ಣದ ಕಲ್ಲು, ರಭಸದಿಂದ ನೀರು ಚಿಮ್ಮುವ ಫಿಲ್ಟರ್, ಪ್ರಖರವಾದ ದೀಪ, ಮೀನಿನ ಕಾಳು. ಇವುಗಳಲ್ಲಿ ಒಂದೂ ಈ ಪ್ರಾಣಿಗೆ ಹೊಂದುವುದಿಲ್ಲ. ಬೆಳೆದ ಒಂದು ಆಕ್ಸಲಾಟಲ್‌ಗೆ 75 ಲೀಟರಿಗೆ ಕಡಿಮೆಯಿಲ್ಲದ, ಎತ್ತರಕ್ಕಿಂತ ಉದ್ದ ಹೆಚ್ಚಿರುವ ತೊಟ್ಟಿ ಬೇಕು. ಬಾಯಿ ತೆರೆದು ಆಹಾರವನ್ನು ಒಳಕ್ಕೆ ಹೀರಿಕೊಳ್ಳುವ ಅಭ್ಯಾಸದಿಂದಾಗಿ ಅದು ಕಲ್ಲನ್ನೂ ನುಂಗುತ್ತದೆ, ಕಲ್ಲು ಕರುಳಿನಲ್ಲಿ ಸಿಕ್ಕಿಕೊಂಡರೆ ಉಳಿಯುವುದು ಕಷ್ಟ. ಆದ್ದರಿಂದ ತಳವನ್ನು ಬರಿದಾಗಿ ಬಿಡಬೇಕು ಅಥವಾ ಅತಿ ನುಣ್ಣನೆಯ ಮರಳು ಹಾಕಬೇಕು. ಕಣ್ಣಿಗೆ ರೆಪ್ಪೆಯಿಲ್ಲದ ಪ್ರಾಣಿಗೆ ಪ್ರಖರ ಬೆಳಕು ಹಿತವಲ್ಲ, ಅಡಗಲು ಒಂದು ಮಣ್ಣಿನ ಕೊಳವೆಯೋ ಮಗುಚಿಟ್ಟ ಮಡಕೆಯೋ ಬೇಕು. ಇನ್ನು ಫಿಲ್ಟರ್ ಎಂದರೆ, ಎಲ್ಲಕ್ಕಿಂತ ಅಗ್ಗವಾದ ಸ್ಪಾಂಜ್ ಫಿಲ್ಟರ್ ಎಲ್ಲಕ್ಕಿಂತ ಒಳ್ಳೆಯದು. ಅದನ್ನು ನಡೆಸುವ ಏರ್ ಪಂಪ್ ಜೊತೆಗೆ ಬ್ಯಾಟರಿಯಲ್ಲಿ ಓಡುವ ಇನ್ನೊಂದು ಪಂಪನ್ನೂ ಕೊಂಡಿಡಬೇಕು. ಜುಲೈ, ಆಗಸ್ಟಿನಲ್ಲಿ ಬರುವ ಕಕ್ಕಡ ಮಾಸದ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಎರಡು ಮೂರು ದಿನ ಬಾರದಿರುವುದು ನಮಗೆ ಹೊಸತಲ್ಲ. ಆಗ ನೀರಿನ ತಂಪು ಹೇಗೂ ಇರುತ್ತದೆ, ಆದರೆ ಸ್ಪಾಂಜಿನೊಳಗೆ ನೆಲೆಸಿದ ಉಪಕಾರಿ ಬ್ಯಾಕ್ಟೀರಿಯಾಗಳು ನೀರು ಹರಿಯದೆ, ಆಮ್ಲಜನಕ ಸಿಗದೆ ಸಾಯತೊಡಗುತ್ತವೆ.

ಆ ಬ್ಯಾಕ್ಟೀರಿಯಾಗಳ ವಿಷಯವೇ ಈ ಸಾಕಣೆಯ ಜೀವಾಳ. ಪ್ರಾಣಿಯ ಕಶ್ಮಲದಿಂದ ಬರುವ ಅಮೋನಿಯಾವನ್ನು ಅವು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ವ್ಯವಸ್ಥೆ ನೆಲೆಗೊಳ್ಳಲು ನಾಲ್ಕರಿಂದ ಎಂಟು ವಾರ ಬೇಕು, ತಂಪು ನೀರಿನಲ್ಲಿ ಇನ್ನೂ ನಿಧಾನ. ತೊಟ್ಟಿಯನ್ನೂ ಪ್ರಾಣಿಯನ್ನೂ ಒಂದೇ ದಿನ ಮಾರುವ ಅಂಗಡಿ, ಎಷ್ಟೇ ಸೌಜನ್ಯದಿಂದ ಮಾತನಾಡಿದರೂ, ಒಳ್ಳೆಯ ಅಂಗಡಿಯಲ್ಲ. ಸೆಪ್ಟೆಂಬರಿನ ಕೈಲ್‌ಪೋಳ್ದ್ ಹಬ್ಬ ಕಳೆದ ಮೇಲೆ ತೊಟ್ಟಿಯನ್ನು ಕೂರಿಸಿ ಫಿಲ್ಟರ್ ಓಡಿಸಿ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಬಂದಿವೆಯೆಂದು ಟೆಸ್ಟ್ ಕಿಟ್‌ನಿಂದ ಖಚಿತಪಡಿಸಿಕೊಂಡು, ನವೆಂಬರ್ ಕೊನೆ, ಡಿಸೆಂಬರಿನಲ್ಲಿ ಬರುವ ಹುತ್ತರಿ ಹಬ್ಬದ ಹೊತ್ತಿಗೆ ಪ್ರಾಣಿಯನ್ನು ತಂದರೆ, ಬೇಸಿಗೆ ಬರುವ ಮೊದಲು ಅದರ ಸ್ವಭಾವವನ್ನು ತಿಳಿದುಕೊಳ್ಳಲು ಮೂರು ತಿಂಗಳು ಕೈಯಲ್ಲಿರುತ್ತವೆ.

ಕೊಡಗಿನ ನೀರಿಗೆ ತನ್ನದೇ ಆದ ಒಂದು ಗುಣವಿದೆ. ನಮ್ಮ ಮಣ್ಣು ಹುಳಿ, ತೋಟಕ್ಕೆ ಸುಣ್ಣ ಹಾಕುವುದು ಅದಕ್ಕಾಗಿಯೇ. ಒರತೆ ಮತ್ತು ಬಾವಿಯ ನೀರು ಬಹುಮಟ್ಟಿಗೆ ಮೆದು. ಆಕ್ಸಲಾಟಲ್‌ಗೆ ಸ್ವಲ್ಪ ಗಡಸು ನೀರೇ ಬೇಕು, ನೀರಿನ ಹುಳಿ, ಕ್ಷಾರಗಳ ಅಳತೆಯಾದ ಪಿಎಚ್ 7ರಿಂದ 8ರೊಳಗೆ ಇರಬೇಕು. ಪಿಎಚ್ ಆರೂವರೆಗಿಂತ ಕೆಳಗಿಳಿದರೆ ಮೇಲೆ ಹೇಳಿದ ಬ್ಯಾಕ್ಟೀರಿಯಾಗಳ ಕೆಲಸವೂ ಕುಂಠಿತವಾಗುತ್ತದೆ. ಬಟ್ಟೆಯ ಚೀಲದಲ್ಲಿ ಹವಳದ ಚೂರು ಅಥವಾ ತೊಳೆದ ಸಮುದ್ರಚಿಪ್ಪಿನ ಚೂರು ಕಟ್ಟಿ ತೊಟ್ಟಿಯಲ್ಲಿಟ್ಟರೆ ಈ ಕೊರತೆ ಮೆಲ್ಲನೆ ತುಂಬುತ್ತದೆ. ಪಟ್ಟಣದ ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಬೇಕು ಅಥವಾ ಕ್ಲೋರಿನ್ ನಿವಾರಕ ಹಾಕಬೇಕು.

ಆಹಾರದ ಮಟ್ಟಿಗೆ ಎರೆಹುಳುವಿಗೆ ಸಮನಾದುದಿಲ್ಲ, ಬೆಳೆದ ಪ್ರಾಣಿಗೆ ಎರಡು ಮೂರು ದಿನಕ್ಕೊಮ್ಮೆ ಕೊಟ್ಟರೆ ಸಾಕು. ತೋಟವಿರುವವರಿಗೆ ಇದು ಸುಲಭವೆನಿಸಬಹುದು, ಆದರೆ ಅಲ್ಲೇ ಅಪಾಯವಿದೆ. ಕಾಫಿಗೂ ಮೆಣಸಿಗೂ ನಾವು ಹೊಡೆಯುವ ಬೋರ್ಡೊ ದ್ರಾವಣದಲ್ಲಿ ಮೈಲುತುತ್ತವಿದೆ. ಅದರ ತಾಮ್ರ ಉಭಯಚರಗಳಿಗೆ ವಿಷ. ಔಷಧಿ ಹೊಡೆದ ತೋಟದ ಹುಳುವನ್ನಾಗಲಿ, ಆ ತೋಟದಿಂದ ಹರಿದು ಬರುವ ನೀರನ್ನಾಗಲಿ ತೊಟ್ಟಿಗೆ ತರಬಾರದು. ದ್ರಾವಣ ಕಲಸಿದ ಬಕೆಟ್ಟನ್ನು ಎಷ್ಟು ತೊಳೆದರೂ ಈ ಕೆಲಸಕ್ಕೆ ಬಳಸಬಾರದು. ಮನೆಯ ಬಳಿ ಪ್ರತ್ಯೇಕ ಎರೆಗೊಬ್ಬರದ ಗುಂಡಿ ಮಾಡಿಕೊಳ್ಳುವುದು ಸುರಕ್ಷಿತ, ಆದರೆ ಗೊಬ್ಬರಕ್ಕೆ ಬಳಸುವ ಸಣ್ಣ ಕೆಂಪು ಹುಳು ಕಹಿ ರಸ ಬಿಡುವುದರಿಂದ ಕೆಲವು ಆಕ್ಸಲಾಟಲ್‌ಗಳು ಅದನ್ನು ಬಾಯಿಗಿಟ್ಟು ಉಗುಳುತ್ತವೆ. ದಪ್ಪನೆಯ ಆಫ್ರಿಕನ್ ಎರೆಹುಳುವನ್ನು ಕತ್ತರಿಸಿ ಕೊಟ್ಟರೆ ಸಂತೋಷದಿಂದ ತಿನ್ನುತ್ತವೆ. ಸೊಳ್ಳೆ ಓಡಿಸಲು ಪ್ಲಗ್ಗಿಗೆ ಸಿಕ್ಕಿಸುವ ದ್ರವ, ಸುರುಳಿ, ಸ್ಪ್ರೇಗಳಲ್ಲಿರುವ ರಾಸಾಯನಿಕಗಳೂ ಮೀನು ಮತ್ತು ಉಭಯಚರಗಳಿಗೆ ಮಾರಕವಾದುದರಿಂದ ಆ ಕೋಣೆಯಲ್ಲಿ ಅವನ್ನು ಪೂರ್ತಿ ನಿಲ್ಲಿಸಬೇಕಾಗುತ್ತದೆ.

ಕೊಡಗಿನ ಹೆಚ್ಚು ಮನೆಗಳಿಗೆ ಹೊಂದುವ ಪ್ರಾಣಿ ಯಾವುದೆಂದು ಒಂದೇ ಹೆಸರು ಕೇಳಿದರೆ ನಾನು ಕ್ರೆಸ್ಟೆಡ್ ಗೆಕ್ಕೊ ಎನ್ನುತ್ತೇನೆ. ಆಸ್ಟ್ರೇಲಿಯಾದ ಪೂರ್ವಕ್ಕಿರುವ ನ್ಯೂ ಕ್ಯಾಲಿಡೋನಿಯಾ ದ್ವೀಪದ ಈ ಹಲ್ಲಿಯನ್ನು ವಿಜ್ಞಾನ 1866ರಲ್ಲಿ ಗುರುತಿಸಿತ್ತು. ಬಹುಕಾಲ ಅಳಿದೇ ಹೋಗಿದೆಯೆಂದು ಭಾವಿಸಲಾಗಿತ್ತು. 1994ರಲ್ಲಿ ಮತ್ತೆ ಸಿಕ್ಕಿತು. ಕಣ್ಣಿನ ಮೇಲೆ ರೆಪ್ಪೆಗೂದಲಿನಂತೆ ಸಾಲಾಗಿ ನಿಂತ ಮುಳ್ಳುಗಳಿಂದ ಅದಕ್ಕೆ ಆ ಹೆಸರು. 22ರಿಂದ 26 ಡಿಗ್ರಿ ಇದಕ್ಕೆ ಹಿತ, ರಾತ್ರಿ 18ಕ್ಕೆ ಇಳಿದರೂ ತಡೆದುಕೊಳ್ಳುತ್ತದೆ. 28ರ ಮೇಲೆ ಏರಿ ನಿಂತರೆ ಕಷ್ಟ. ಅಂದರೆ ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆಗಳ ನೆರಳಿನ ಕೋಣೆಗೆ ಸರಿಹೊಂದುತ್ತದೆ. ಮಡಿಕೇರಿಯಲ್ಲಿ ಡಿಸೆಂಬರ್, ಜನವರಿಗಳ ರಾತ್ರಿ ಕೋಣೆ 16ಕ್ಕೆ ಇಳಿಯುವ ಮನೆಯಿದ್ದರೆ ಅಡುಗೆಮನೆಗೆ ಹೊಂದಿದ ಒಳಗೋಡೆಯ ಬದಿಗೆ ಸರಿಸಿಡುವುದು ಕ್ಷೇಮ. ಒಲೆಯ ಹೊಗೆ ಮಾತ್ರ ಅತ್ತ ಸುಳಿಯಬಾರದು.

ಮರ ಹತ್ತುವ ಪ್ರಾಣಿಯಾದ್ದರಿಂದ ಎತ್ತರದ ಪೆಟ್ಟಿಗೆ ಬೇಕು. 45 ಸೆಂಟಿಮೀಟರ್ ಅಗಲ, ಅಷ್ಟೇ ಆಳ, 60 ಸೆಂಟಿಮೀಟರ್ ಎತ್ತರವಿದ್ದರೆ ಬೆಳೆದ ಒಂದು ಹಲ್ಲಿಗೆ ಸಾಕು. ಒಳಗೆ ಕಾಫಿ ಗಿಡದ ಒಣಕೊಂಬೆ, ಬಿದಿರಿನ ತುಂಡುಗಳನ್ನು ಅಡ್ಡಡ್ಡಲಾಗಿ ಜೋಡಿಸಬಹುದು, ಔಷಧಿ ಬೀಳದ ಗಿಡದ್ದಾದರೆ. ಹಣ್ಣು ಮತ್ತು ಪ್ರೋಟೀನ್ ಸೇರಿಸಿ ಮಾಡಿದ ಸಿದ್ಧ ಪುಡಿಯನ್ನು ನೀರಿನಲ್ಲಿ ಕಲಸಿ ಕೊಟ್ಟರೆ ಬಹುಮಟ್ಟಿಗೆ ಅದೇ ಪೂರ್ಣ ಆಹಾರ. ದಿನವೂ ಜೀವಂತ ಹುಳು ಹುಡುಕಬೇಕಾಗಿಲ್ಲದಿರುವುದು ಪೇಟೆಯಿಂದ ದೂರವಿರುವ ತೋಟದ ಮನೆಯವರಿಗೆ ದೊಡ್ಡ ಅನುಕೂಲ. 15ರಿಂದ 20 ವರ್ಷ ಬಾಳುತ್ತದೆ. ಹೆದರಿಸಿದರೆ ಬಾಲ ಕಳಚುತ್ತದೆ, ಮತ್ತೆ ಬೆಳೆಯುವುದಿಲ್ಲ, ಆದ್ದರಿಂದ ಚಿಕ್ಕ ಮಕ್ಕಳ ಕೈಗೆ ಕೊಡುವಂಥದ್ದಲ್ಲ.

ಈ ಹಲ್ಲಿಯ ಕುರಿತು ಸಿಗುವ ಹೆಚ್ಚಿನ ಸಲಹೆಗಳು ಒಣಹವೆಯ ದೇಶಗಳಲ್ಲಿ ಬರೆದವು. ಬೆಳಿಗ್ಗೆ ಸಂಜೆ ನೀರು ಸಿಂಪಡಿಸಿ ತೇವ ಹೆಚ್ಚಿಸಿ ಎನ್ನುತ್ತವೆ. ಜುಲೈಯ ಕೊಡಗಿನಲ್ಲಿ, ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ದಿನಗಳಲ್ಲಿ, ಈ ಸಲಹೆಯನ್ನು ಪಾಲಿಸಿದರೆ ಪೆಟ್ಟಿಗೆ ಒಣಗುವುದೇ ಇಲ್ಲ. ಗೆಕ್ಕೊಗೆ ರಾತ್ರಿ ತೇವ, ಹಗಲು ಒಣಗು, ಎರಡೂ ಬೇಕು. ಸದಾ ಒದ್ದೆಯಾಗಿದ್ದರೆ ಚರ್ಮಕ್ಕೆ ಸೋಂಕು ತಗಲುತ್ತದೆ. ಮಳೆಗಾಲದಲ್ಲಿ ಸಿಂಪಡಿಸುವುದನ್ನು ಬಹುತೇಕ ನಿಲ್ಲಿಸಿ, ಕುಡಿಯಲು ಎಲೆಯ ಮೇಲೆ ನಾಲ್ಕು ಹನಿ ಬೀಳಿಸಿದರೆ ಸಾಕು. ಪೂರ್ತಿ ಗಾಜಿನ ಪೆಟ್ಟಿಗೆಗಿಂತ ಮೇಲೆಯೂ ಒಂದು ಬದಿಗೂ ಜಾಲರಿಯಿರುವ ಪೆಟ್ಟಿಗೆ ನಮಗೆ ಒಳ್ಳೆಯದು, ತಳಕ್ಕೆ ತೆಂಗಿನ ನಾರಿನ ಪುಡಿಯ ಬದಲು ದಿನವೂ ಬದಲಾಯಿಸಬಹುದಾದ ಕಾಗದ ಹಾಸುವುದು ಇನ್ನೂ ಒಳ್ಳೆಯದು.

ಫೈರ್ ಬೆಲ್ಲಿಡ್ ಟೋಡ್, ಅಂದರೆ ಬೆನ್ನು ಹಸಿರು, ಹೊಟ್ಟೆ ಕೆಂಡದ ಬಣ್ಣವಿರುವ ಪುಟ್ಟ ಕಪ್ಪೆ, ಕೊರಿಯಾ ಮತ್ತು ಚೀನಾದ ಈಶಾನ್ಯ ಭಾಗದ್ದು. 18ರಿಂದ 24 ಡಿಗ್ರಿಯಲ್ಲಿ ಲವಲವಿಕೆಯಿಂದಿರುತ್ತದೆ, ಹಗಲಿನಲ್ಲೇ ಓಡಾಡುತ್ತದೆ, ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಉಷ್ಣತೆಯ ದೃಷ್ಟಿಯಿಂದ ಮಡಿಕೇರಿಗೆ ಹೇಳಿ ಮಾಡಿಸಿದಂತಿದೆ. ಚರ್ಮದಲ್ಲಿ ನಂಜಿರುವುದರಿಂದ ಮುಟ್ಟಿದ ಕೈ ತೊಳೆಯಬೇಕು, ಬೇರೆ ಪ್ರಾಣಿಯ ಜೊತೆ ಇಡಬಾರದು. ಇಷ್ಟೆಲ್ಲ ಒಳ್ಳೆಯ ಮಾತಿದ್ದರೂ ಕೊಡಗಿನಲ್ಲಿ ಇದನ್ನು ನಾನು ಶಿಫಾರಸು ಮಾಡಲಾರೆ. ಕಪ್ಪೆಗಳ ಚರ್ಮಕ್ಕೆ ತಗಲಿ ಅವನ್ನು ಕೊಲ್ಲುವ ಕಿಟ್ರಿಡ್ ಶಿಲೀಂಧ್ರದ ಮೂಲ ಪೂರ್ವ ಏಷ್ಯಾ, ಅದರಲ್ಲೂ ಕೊರಿಯಾ ಪರ್ಯಾಯದ್ವೀಪದ ಕಡೆಯದು ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು, ಮತ್ತು ಅದು ಜಗತ್ತಿಗೆ ಹರಡಿದ್ದರಲ್ಲಿ ಸಾಕುಪ್ರಾಣಿ ವ್ಯಾಪಾರಕ್ಕೂ ಪಾಲಿದೆ. ಈ ರೋಗದಿಂದ ಐನೂರಕ್ಕೂ ಹೆಚ್ಚು ಉಭಯಚರ ಜಾತಿಗಳು ಕುಸಿದಿವೆ, ತೊಂಬತ್ತರಷ್ಟು ಅಳಿದಿವೆ ಎಂದು 2019ರ ಅಂದಾಜು ಹೇಳುತ್ತದೆ. ಮುಂಗಾರಿನಲ್ಲಿ ಕೆರೆಯ ಮೇಲೆ ಬಾಗಿದ ಕೊಂಬೆಗೆ ನೊರೆಗೂಡು ಕಟ್ಟುವ ಮಲಬಾರಿನ ಹಾರುವ ಕಪ್ಪೆ, ಕಾಫಿ ಎಲೆಯ ಮೇಲೆ ಕೂತು ಕೂಗುವ ಹಳದಿ ಪೊದೆಗಪ್ಪೆ, ತೊರೆಯ ಕಲ್ಲುಸಂದಿನ ಇರುಳುಗಪ್ಪೆ ಇವೆಲ್ಲ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ತೊಟ್ಟಿಯ ಕೊಳೆನೀರು ಹಿತ್ತಲಿನಿಂದ ಗದ್ದೆಗೆ, ಗದ್ದೆಯಿಂದ ತೋಡಿಗೆ ಸೇರುವ ಊರು ನಮ್ಮದು. ಆಕ್ಸಲಾಟಲ್ ಸಾಕುವವರಿಗೂ ಇದೇ ಎಚ್ಚರ ಸಲ್ಲುತ್ತದೆ: ಬದಲಾಯಿಸಿದ ನೀರನ್ನು ಬ್ಲೀಚಿಂಗ್ ಪುಡಿ ಹಾಕಿ ಒಂದು ದಿನ ಇಟ್ಟು, ತೋಡಿನಿಂದ ದೂರ, ಇಂಗುಗುಂಡಿಗೆ ಸುರಿಯಬೇಕು.

ಆಫ್ರಿಕನ್ ಕ್ಲಾಡ್ ಫ್ರಾಗ್ ಬಗ್ಗೆ ನನಗೆ ಎರಡು ಮನಸ್ಸಿಲ್ಲ. ಹೀಟರ್ ಬೇಡ, ಸಾಯುವುದೂ ಇಲ್ಲ, ಏನನ್ನಾದರೂ ತಿನ್ನುತ್ತದೆ ಎಂದು ಮಾರುತ್ತಾರೆ, ಮೂರೂ ಮಾತು ಸರಿಸುಮಾರು ನಿಜ, ಮತ್ತು ಅದನ್ನು ಇಲ್ಲಿಗೆ ತರಬಾರದೆಂಬುದಕ್ಕೆ ಆ ಮೂರೇ ಕಾರಣ ಸಾಕು. ಹಿಂದೆ ಹೆಂಗಸರ ಬಸಿರು ಪರೀಕ್ಷೆಗಾಗಿ ದೇಶದೇಶಕ್ಕೆ ಸಾಗಿಸಿದ ಈ ಕಪ್ಪೆ ಅಮೆರಿಕದ ಕ್ಯಾಲಿಫೋರ್ನಿಯಾ, ಚಿಲಿ, ಫ್ರಾನ್ಸ್‌ಗಳಲ್ಲಿ ತಪ್ಪಿಸಿಕೊಂಡು ನೆಲೆಯೂರಿದೆ. ಕೆರೆ ಒಣಗಿದರೆ ಕೆಸರಿನಲ್ಲಿ ಹೂತುಕೊಂಡು ಕಾಯುತ್ತದೆ. ನಮ್ಮ ತೋಟದ ಕೆರೆಗೆ ಒಂದು ಜೋಡಿ ಬಿದ್ದರೆ ತೆಗೆಯುವ ದಾರಿಯಿಲ್ಲ.

ಕೆಂಪು ಕಿವಿಯ ಸಣ್ಣ ಆಮೆಗೂ ‘ಹೀಟರ್ ಬೇಡ’ ಎನ್ನುವುದುಂಟು. ಅದಕ್ಕೆ ಮೈ ಕಾಯಿಸಿಕೊಳ್ಳುವ ದೀಪ, ಅತಿನೇರಳೆ ಬೆಳಕು ಎರಡೂ ಬೇಕು, ಊಟದ ತಟ್ಟೆಯಷ್ಟು ಅಗಲ ಬೆಳೆಯುತ್ತದೆ, ದಶಕಗಟ್ಟಲೆ ಬದುಕುತ್ತದೆ. ಬೇಸತ್ತವರು ಕೊನೆಗೆ ಹೊಳೆಗೆ ಬಿಡುತ್ತಾರೆ. ಬೇಡ. ನಕ್ಷತ್ರ ಆಮೆ, ಉಡ ಮುಂತಾದ ನಮ್ಮದೇ ಕಾಡಿನ ಪ್ರಾಣಿಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ವಿದೇಶಿ ಪ್ರಾಣಿಗಳಿಗೂ ಕಾನೂನಿದೆ. ಆ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ವನ್ಯಜೀವಿಗಳ ವ್ಯಾಪಾರದ ಕುರಿತ ಅಂತರರಾಷ್ಟ್ರೀಯ ಸೈಟೀಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ನಾಲ್ಕನೇ ಅನುಸೂಚಿಗೆ ಸೇರಿಸಿದೆ. 2024ರ ಫೆಬ್ರವರಿಯಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಅಂಥ ಪ್ರಾಣಿಯನ್ನು ಹೊಂದಿದವರು 30 ದಿನಗಳೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿಯಾದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಆಕ್ಸಲಾಟಲ್ ಈ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಅಂಗಡಿಯಿಂದ ಜಾತಿಯ ಹೆಸರು, ಎಲ್ಲಿ ಮರಿ ಮಾಡಿಸಿದ್ದು ಎಂಬ ವಿವರವಿರುವ ರಸೀದಿ ಪಡೆಯಬೇಕು, ಕೊಡಲು ಹಿಂಜರಿಯುವ ಕಡೆ ವ್ಯವಹಾರವೇ ಬೇಡ.

ಸಾಗಣೆಯ ಬಗ್ಗೆಯೂ ಅಂಗಡಿಯವರ ಮಾತು ನಂಬುವಂತಿಲ್ಲ. ಬಸ್ಸಿನಲ್ಲಿ ಪಾರ್ಸೆಲ್ ಕಳಿಸುತ್ತೇವೆ ಎನ್ನುತ್ತಾರೆ. ಹುಣಸೂರು, ಪಿರಿಯಾಪಟ್ಟಣ ದಾಟಿ ಬರುವ ಆ ಮೂರು ತಾಸು ಡಿಕ್ಕಿಯೊಳಗೆ ಎಷ್ಟು ಕಾದಿರುತ್ತದೆಂದು ಕೇಳಿದರೆ ಉತ್ತರವಿರುವುದಿಲ್ಲ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಬಟ್ಟೆ ಸುತ್ತಿದ ಐಸ್ ಪ್ಯಾಕ್ ಜೊತೆಗಿಟ್ಟು, ಮುಂಜಾನೆ ನಾವೇ ಹೋಗಿ ತರುವುದು ಸರಿ. ಹೋಗುವ ಮುನ್ನ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಉಭಯಚರ, ಸರೀಸೃಪಗಳಿಗೆ ಚಿಕಿತ್ಸೆ ಕೊಡುವ ಪಶುವೈದ್ಯರೊಬ್ಬರನ್ನು ವಿಚಾರಿಸಿ, ಅವರು ಫೋನಿನಲ್ಲಿ ಫೋಟೊ ನೋಡಿ ಸಲಹೆ ಕೊಡಲು ಒಪ್ಪುತ್ತಾರೆಯೇ ಎಂದು ಕೇಳಿಟ್ಟುಕೊಳ್ಳಬೇಕು, ಏಕೆಂದರೆ ನಮ್ಮ ಊರಿನ ಪಶುವೈದ್ಯರು ನುರಿತಿರುವುದು ದನ, ನಾಯಿ, ಹಂದಿಗಳ ಚಿಕಿತ್ಸೆಯಲ್ಲಿ. ಅಂಗಡಿಯಲ್ಲಿ ಪ್ರಾಣಿಯನ್ನು ಆರಿಸುವಾಗ ಬಣ್ಣಕ್ಕಿಂತ ಮೊದಲು ಅದು ನಮ್ಮೆದುರೇ ಆಹಾರ ತಿನ್ನುವುದನ್ನು ನೋಡಬೇಕು. ಆಕ್ಸಲಾಟಲ್ ಆದರೆ ಕಿವಿರಿನ ಎಳೆಗಳು ತುಂಬಿಕೊಂಡಿರಬೇಕು, ಹೊಟ್ಟೆ ತಲೆಯಷ್ಟೇ ಅಗಲವಿರಬೇಕು. ಗೆಕ್ಕೊ ಆದರೆ ಸೊಂಟದ ಎಲುಬು ಎದ್ದು ಕಾಣಬಾರದು, ಬೆರಳುಗಳಿಗೆ ಹಳೆಯ ಪೊರೆ ಸುತ್ತಿಕೊಂಡಿರಬಾರದು.